ಲಾಯಕ್ಕು ಕಾರ್ಡು

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ರಸ್ತೆ ಅಲ್ಲಾಡದೆ ಮಲಗಿದೆಯಲ್ಲ, ಅದನ್ನು ಮಲಗಿಸಿದವನು ನಾನು. ಓಬಯ್ಯ. ನಾನು ರೋಲರ್ ಹತ್ತಿ ನಿಂತರೆ ಜಲ್ಲಿಕಲ್ಲುಗಳು ತಾವಾಗಿಯೇ ಸಾಲು ಹಿಡಿಯುತ್ತಿದ್ದವು. ಚಕ್ರದ ಕೆಳಗೆ ಶೇಂಗಾ ಇಟ್ಟರೆ ಸಿಪ್ಪೆ ಒಡೆದು ಕಾಳನ್ನು ಇಡಿಯಾಗಿ ಬಿಡಿಸುತ್ತಿದ್ದೆ. ಹತ್ತು ಟನ್ನಿನ ರೋಲರ್! ನಂಬದಿದ್ದರೆ ನನ್ನ ಹೆಂಡತಿ ಕಾಟಮ್ಮನನ್ನು ಕೇಳಿ.

ಬೇಡ, ಅವಳನ್ನು ಕೇಳಬೇಡಿ. "ಆ ಕಾಳು ಯಾರು ನೋಡ್ಯಾರೆ? ಇವನೇ ಒಡದ, ಇವನೇ ತಿಂದ," ಎನ್ನುತ್ತಾಳೆ.

ಅದು ಉಗಿ ರೋಲರ್. ಕಲ್ಲಿದ್ದಲು ತಿನ್ನುತ್ತಿತ್ತು, ನೀರು ಕುಡಿಯುತ್ತಿತ್ತು. ಮುಂದೆ ದೊಡ್ಡ ಹೊಟ್ಟೆ. ಸದಾ ಬಾಯಾರಿಕೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಕಲ್ಲೊಡೆಯುವ ಹೆಂಗಸರು ಅದಕ್ಕೆ ಬಸುರಿ ಅಂತ ಹೆಸರಿಟ್ಟಿದ್ದರು. ಬಸುರಿಯ ಒಡೆಯರು ಗುತ್ತಿಗೆದಾರ ವಾಮದೇವಪ್ಪನವರು. ಮಂಡಿಪೇಟೆಯಲ್ಲಿ ಅವರ ಮಂಡಿ, ಊರ ಹೊರಗೆ ಅವರ ತೋಟ, ರಸ್ತೆಯ ಮೇಲೆ ಅವರ ನಾವು.

ನಾನು ಕಲ್ಲಿದ್ದಲು ಹೊರಲು ಸೇರಿದವನು. ಬುಟ್ಟಿ ತಲೆಗೇರಿದರೆ ಕತ್ತು ಎದೆಯೊಳಕ್ಕೆ ಇಳಿಯುತ್ತಿತ್ತು. ಉಗುಳಿದರೆ ಕಪ್ಪು. ಮೂಗು ಸೀತರೆ ಕಪ್ಪು. ಆಗ ಬಸುರಿಯ ಡ್ರೈವರ್ ಮಕ್ತುಮ್ ಸಾಬ್. ಮುದುಕ. ಒಂದು ಕಣ್ಣಿಗೆ ಪೊರೆ ಬಂದಿತ್ತು. ಅವನೊಂದು ದಿನ ನನ್ನ ಕೈ ಹಿಡಿದು ರೋಲರಿನ ಹಿಡಿಕೆಯ ಮೇಲಿಟ್ಟ. ನಮ್ಮ ಕೇರಿಯ ಹೊರಗಿನವನೊಬ್ಬ ನನ್ನ ಕೈ ಹಿಡಿದದ್ದು ಅದೇ ಮೊದಲು. ಹಿಡಿಕೆ ಸುಡುತ್ತಿತ್ತು. ನನಗೆ ಗೊತ್ತೇ ಆಗಲಿಲ್ಲ.

"ಚಪ್ಪಲಿ ಬ್ಯಾಡ ಬೇಟಾ, ಬರಿಗಾಲಾಗ ನಿಂದ್ರು. ನೆಲ ಗಟ್ಟಿ ಆಗೈತೋ ಇಲ್ಲೋ ಅಂಗಾಲಿಗೆ ಗೊತ್ತಾಗ್ತೈತೆ," ಎಂದ.

ಕಾಲಡಿಯ ಕಬ್ಬಿಣದ ತಟ್ಟೆ ಹೆಂಚಿನ ಹಾಗೆ ಕಾಯುತ್ತಿತ್ತು. ಮೂರು ವರ್ಷಕ್ಕೆ ನನ್ನ ಅಂಗಾಲು ಎಮ್ಮೆಯ ಗೊರಸಾಯಿತು. ಆಮೇಲೆ ನೋಡಿ, ಚಕ್ರದ ಕೆಳಗೆ ಇರುವೆ ಸಿಕ್ಕರೂ ಅದು ಗಂಡೋ ಹೆಣ್ಣೋ ಹೇಳುತ್ತಿದ್ದೆ.

ಮಕ್ತುಮ್ ಸಾಬ್ ಎರಡು ಮಾತುಗಳನ್ನು ದಿನಕ್ಕೆ ಸಾವಿರ ಸಲ ಹೇಳಿದ.

"ಒಂದು. ಹೊಸಾ ರಸ್ತೆ ಮ್ಯಾಲೆ ರೋಲರ್ ನಿಂದ್ರಿಸಬ್ಯಾಡ. ಹಸಿ ಮಣ್ಣು. ಒಂದು ತಾಸು ನಿಂತ್ರೆ ತಗ್ಗು ಬೀಳ್ತೈತೆ. ಆ ತಗ್ಗು ನೀ ಸತ್ರೂ ಹೋಗಲ್ಲ.

"ಎರಡು. ಈ ಗಾಜು ನೋಡು."

ಬಾಯ್ಲರಿನ ಮೈಗೆ ಹತ್ತಿದಂತೆ ಗೇಣುದ್ದದ ಗಾಜಿನ ಕೊಳವೆ. ಒಳಗೆ ನೀರು ಎಷ್ಟು ಎತ್ತರಕ್ಕಿದೆಯೋ ಆ ಗಾಜಿನಲ್ಲೂ ಅಷ್ಟೇ ಎತ್ತರಕ್ಕೆ ಕಾಣುತ್ತದೆ.

"ಗಾಜಿನಾಗ ನೀರು ಕಾಣಲಿಲ್ಲ ಅಂದ್ರೆ ಒಳಗೆ ಕಬ್ಬಿಣ ಕೆಂಪಗಾಗಿರ್ತೈತೆ. ಆವಾಗ ತಣ್ಣೀರು ಬಿಟ್ಟಿಯೋ, ಸಿಡೀತೈತೆ. ನೀನೂ ಇಲ್ಲ, ನಾನೂ ಇಲ್ಲ. ನೀರು ಬ್ಯಾಡ. ಬೆಂಕಿ ಇಳಸು. ಕೆಂಡ ಎಲ್ಲಾ ಹೊರಗೆ ಎಳದು ಚೆಲ್ಲು. ತಿಳೀತಾ?"

ಕಾವು ಮೀರಿದರೆ ತಾನೇ ಕರಗಿ ಬೆಂಕಿ ಆರಿಸಲಿ ಎಂದು ಬಾಯ್ಲರಿನೊಳಗೆ ಸೀಸದ ಬಿರಡೆಯೊಂದು ಇರಬೇಕು. ಅದು ಕರಗಿದಾಗಲೆಲ್ಲ ಕೆಲಸ ನಿಲ್ಲುತ್ತದೆಂದು ವಾಮದೇವಪ್ಪನವರು ಕಬ್ಬಿಣದ್ದು ಹಾಕಿಸಿದ್ದರು. ಹಾಗಾಗಿ ಬಸುರಿಯ ಹತ್ತಿರ ಕೆಲಸ ಮಾಡುವವರ ಜೀವವೆಲ್ಲ ಆ ಗೇಣುದ್ದದ ಗಾಜಿನಲ್ಲಿತ್ತು.

ಮಕ್ತುಮ್ ಸಾಬನ ಇನ್ನೊಂದು ಕಣ್ಣಿಗೂ ಪೊರೆ ಬಂತು. ಅವನು ಹರಿಹರದಲ್ಲಿ ಮಗಳ ಮನೆ ಸೇರಿದ. ಬಸುರಿ ನನ್ನ ಕೈಗೆ ಬಂದಳು. ವಾಮದೇವಪ್ಪನವರು ಹೇಳಿದ್ದು ಇಷ್ಟೇ: "ಓಡ್ಸು. ಪಗಾರದ ಪಟ್ಟಿಯಾಗ ಮಾತ್ರ ಕೂಲಿ ಅಂತಾನೇ ಇರ್ತೈತೆ."

ಇನ್ನು ನೀರಿನ ಮಾತು. ಬಸುರಿಗೆ ಹಳ್ಳದ ರಾಡಿ ಆಗದು, ಹೊಟ್ಟೆಯಲ್ಲಿ ಕೆಸರು ಕಟ್ಟುತ್ತದೆ. ತಿಳಿನೀರೇ ಬೇಕು. ರಸ್ತೆಯ ಪಕ್ಕದಲ್ಲೇ ವಾಮದೇವಪ್ಪನವರ ತೋಟದ ಬಾವಿ. ಅದರ ಹಗ್ಗ ನಾನು ಮುಟ್ಟುವಂತಿರಲಿಲ್ಲ. ಬಕೀಟು ಇಟ್ಟು ಹಿಂದೆ ಸರಿಯಬೇಕು. ತೋಟದ ಆಳು ಕೊಟ್ರವ್ವ ನೀರು ಸೇದಿ ಎತ್ತರದಿಂದ ಸುರಿಯಬೇಕು. ಆಮೇಲೆ ನಾನು ಎತ್ತಿಕೊಂಡು ಹೋಗಬೇಕು. ಹೀಗೆ ತಡೆಯುವುದೇ ಅಪರಾಧ ಎಂದು ದಿಲ್ಲಿಯಲ್ಲಿ ಕಾಯ್ದೆ ಆಗಿತ್ತಂತೆ. ಆ ಬಾವಿಗೆ ಯಾರೂ ತಿಳಿಸಿರಲಿಲ್ಲ. ನಮ್ಮ ಕೇರಿಯ ಸೂರಪ್ಪ ಒಮ್ಮೆ ಬಾಯಾರಿ ಆ ಹಗ್ಗ ಹಿಡಿದಿದ್ದ. ಅದೇ ಹಗ್ಗದ ಬರೆ ಅವನ ಬೆನ್ನ ಮೇಲೆ ಇವತ್ತಿಗೂ ಇದೆ.

ಒಂದು ಬೇಸಿಗೆಯ ಅಮಾವಾಸ್ಯೆ. ಕೊಟ್ರವ್ವ, ತೋಟದ ಮನೆಯವರು, ಎಲ್ಲರೂ ದೇವರಿಗೆಂದು ಉಕ್ಕಡಗಾತ್ರಿಗೆ ಹೋಗಿದ್ದರು. ಗಾಜಿನಲ್ಲಿ ಎರಡು ಬೆರಳು ನೀರಿತ್ತು. ಬಸುರಿಯ ತೊಟ್ಟಿ ಖಾಲಿ. ನಾನು ಬಕೀಟು ಹಿಡಿದು ಬಾವಿಯ ಹತ್ತಿರ ಹೋಗಿ ಕೂಗಿದೆ. ಹರಿಹರದ ಹೊಳೆಯ ಮೀನು ತಲೆ ಎತ್ತಿ ನೋಡುವಂತೆ ಕೂಗಿದೆ. ಯಾರೂ ಇಲ್ಲ. ಹಗ್ಗ ಅಲ್ಲೇ ಜೋತಾಡುತ್ತಿತ್ತು. ಕೈ ಚಾಚಿದೆ. ಸೂರಪ್ಪನ ಬೆನ್ನು ಕಣ್ಣಿಗೆ ಬಂತು. ಕೈ ಹಿಂದೆ ತೆಗೆದೆ. ಮತ್ತೆ ಚಾಚಿದೆ. ಮತ್ತೆ ತೆಗೆದೆ.

ತಿರುಗಿ ಬಂದಾಗ ಗಾಜು ಖಾಲಿ.

ಇನ್ನು ನೀರು ಹಾಕುವ ಹಾಗಿಲ್ಲ. ಕೆಂಡ ಎಳೆಯುವ ಸಲಾಕೆ ತುಂಡಾಗಿತ್ತು. ಹೊಸದು ಕೇಳಿ ಎಷ್ಟೋ ದಿನವಾಗಿತ್ತು. ಸಲಿಕೆಯಲ್ಲಿ ಅರ್ಧ ಕೆಂಡ ಎಳೆದೆ. ಮಿಕ್ಕದ್ದು ಬರಲಿಲ್ಲ. ಕೆಂಡದ ಅಡಿಯ ಕಬ್ಬಿಣದ ಸರಳುಗಳನ್ನೇ ಕಿತ್ತರೆ ಬೆಂಕಿ ಕೆಳಗೆ ಬೀಳುತ್ತದೆ. ಕೈಗೆ ಗೋಣಿ ಸುತ್ತಿ ಸರಳು ಹಿಡಿದು ಎಳೆದೆ. ಗೋಣಿಗೆ ಬೆಂಕಿ ಹತ್ತಿತು. ಬಿಡಲಿಲ್ಲ. ಮೂರು ಸರಳು. ಚರ್ಮ ಸುಟ್ಟ ವಾಸನೆ ಬಂತು. ಯಾರದೋ ಅಂದುಕೊಂಡೆ.

ಬೆಂಕಿ ಮುಟ್ಟಿದೆ. ಹಗ್ಗ ಮುಟ್ಟಲಿಲ್ಲ.

ವಾಮದೇವಪ್ಪನವರು ಸಂಜೆ ಬಂದರು. ಮೊದಲು ಬಸುರಿಯ ಹೊಟ್ಟೆಯ ಮೇಲೆ ಕೈಯಾಡಿಸಿದರು. "ಇವಳಿಗೇನೂ ಆಗಿಲ್ಲಲ್ಲ, ಸದ್ಯ," ಎಂದರು. ಆಮೇಲೆ ಹೊಂಗೆ ಮರದ ಕೆಳಗೆ ಕೈ ಚಾಚಿಕೊಂಡು ಕುಳಿತಿದ್ದ ನನ್ನ ಕಡೆ ತಿರುಗಿ, "ಎಣ್ಣಿ ಹಚ್ಚು," ಎಂದರು.

ನಾಲ್ಕು ತಿಂಗಳು ಕಾಟಮ್ಮ ತುತ್ತು ಮಾಡಿ ತಿನ್ನಿಸಿದಳು. ತುತ್ತಿಗೊಂದು ಬೈಗುಳ. "ಹಗ್ಗಕ್ಕೆ ಹೆದರಿ ಕೆಂಡಕ್ಕೆ ಕೈ ಹಾಕಿದ ಗಂಡಸು ನೀನೊಬ್ನೇ ನೋಡು ಮಾವ," ಎನ್ನುತ್ತಿದ್ದಳು. ಹಾಗೆನ್ನುತ್ತಲೇ ಅಂಗೈಗೆ ಊದುತ್ತಿದ್ದಳು. ಗಾಯ ಮಾಯಿತು. ಬೆರಳು ಪೂರ್ತಿ ಮಡಚದಾದವು. ಬೆರಳ ತುದಿಗಳು ಕೆರೆದಂಡೆಯ ಕಲ್ಲಿನ ಹಾಗೆ ನುಣ್ಣಗಾದವು. ಆದರೂ ಬಸುರಿಯ ಹಿಡಿಕೆಗೆ ಅಷ್ಟು ಮಡಚಿದರೆ ಸಾಕಿತ್ತು. ಮತ್ತೆ ಹತ್ತಿದೆ.

ಆಮೇಲೆ ಹೊಸ ಕಾನೂನು ಬಂತು. ಇನ್ನು ಮೇಲೆ ಪರೀಕ್ಷೆ ಕೊಟ್ಟು ಕಾರ್ಡು ಪಡೆದವರೇ ಉಗಿ ಯಂತ್ರ ಮುಟ್ಟಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ಮೊಳದುದ್ದದ ಹೆಸರು. ನಾವು ಲಾಯಕ್ಕು ಕಾರ್ಡು ಎಂದೆವು. ಅದು ಸಿಕ್ಕರೆ ಪಟ್ಟಿಯಲ್ಲಿ ಕೂಲಿ ಹೋಗಿ ಡ್ರೈವರ್ ಎಂದು ಬರೆಯಲೇಬೇಕು. ಎಲ್ಲಿಯ ರೋಲರ್ ಬೇಕಾದರೂ ಹತ್ತಬಹುದು. ವಾಮದೇವಪ್ಪನವರ ರಸ್ತೆ ಬಿಟ್ಟು ಬೇರೆ ರಸ್ತೆಗೆ, ಬೇರೆ ಬಾವಿಯ ಪಕ್ಕಕ್ಕೆ ಹೋಗಬಹುದು. ನನಗೆ ಈ ಜನ್ಮದಲ್ಲಿ ಬೇಕಾಗಿದ್ದದ್ದು ಅದೊಂದೇ ರಟ್ಟಿನ ತುಂಡು.

ವಾಮದೇವಪ್ಪನವರು ಎರಡು ಹೆಸರು ಕಳಿಸಿದರು. ನನ್ನದೊಂದು. ಅವರ ತಂಗಿಯ ಮಗ ಕರಿಬಸವರಾಜನದೊಂದು. ಅವನಿಗೆ ಅಂಗಡಿಯಲ್ಲಿ ಕೂರಲು ಬೇಸರ, ಓದಲು ಬೇಸರ. ರೋಲರನ್ನು ಅವನು ನೋಡಿದ್ದು ಜೀಪಿನಿಂದ.

"ಸಾಹೇಬ್ರು ಒಂದು ಪ್ರಶ್ನೆ ಕೇಳಿದ್ರೆ ನಾನು ನೂರು ಉತ್ತರ ಹೇಳ್ತೀನಿ," ಎಂದೆ ಹೊರಡುವಾಗ.

"ಒಂದೇ ಹೇಳು ಮಾವ," ಎಂದಳು ಕಾಟಮ್ಮ, ನನ್ನ ಅಂಗಿಯ ಗುಂಡಿ ಹಾಕುತ್ತ. ಗುಂಡಿ ಹಾಕಲು ನನ್ನ ಬೆರಳಿಗೆ ಆಗುತ್ತಿರಲಿಲ್ಲ. "ನೂರು ಹೇಳಿದ್ರೆ ತೊಂಬತ್ತೊಂಬತ್ತು ಸುಳ್ಳು ಅಂತ ತಿಳಿದುಬಿಡ್ತೈತೆ."

ಪರೀಕ್ಷೆ ಹರಿಹರದ ಬಂಗಲೆಯಲ್ಲಿ. ಬೆಂಗಳೂರಿನಿಂದ ಬಂದಿದ್ದ ಸಾಹೇಬರು ಒಳಗೆ ಕುರ್ಚಿಯ ಮೇಲೆ. ಗುಮಾಸ್ತ ಜಗಲಿಯ ಮೇಲೆ. ನಾನು ಅಂಗಳದಲ್ಲಿ, ಕಿಟಕಿಯ ಕೆಳಗೆ. ಕರಿಬಸವರಾಜ ಮೊದಲು ಒಳಗೆ ಹೋದ. ಅವನ ಹಿಂದೆಯೇ ಮಾವನ ಮನೆಯ ಊಟದ ಕ್ಯಾರಿಯರ್ ಹೋಯಿತು. ಕಿಟಕಿಯಿಂದ ಮಾತು ಕೇಳುತ್ತಿತ್ತು.

"ಗಾಜಿನಲ್ಲಿ ನೀರು ಕಾಣದಿದ್ದರೆ ಏನು ಮಾಡ್ತೀರಿ?"

"ಲಗೂನ ನೀರು ಹಾಕ್ತೀನಿ ಸಾರ್."

ಸಾಹೇಬರು ನಕ್ಕರು. "ಬೆಂಕಿ ಇಳಿಸಬೇಕು ಕಣಯ್ಯ. ನೆನಪಿಟ್ಟುಕೋ." ಕ್ಯಾರಿಯರಿನ ಮುಚ್ಚಳ ತೆಗೆದ ಸದ್ದು. ಆಮೇಲೆ ಠಸ್ಸೆ ಒತ್ತಿದ ಸದ್ದು.

ನನ್ನನ್ನು ಕರೆದರು. ಜಗಲಿಯ ಮೆಟ್ಟಿಲವರೆಗೆ.

"ಸಹಿ ಬರ್ತದಾ?" ಗುಮಾಸ್ತ ಕೇಳಿದ.

"ಇಲ್ಲ ಸ್ವಾಮಿ."

"ಹೆಬ್ಬೆಟ್ಟು ಒತ್ತು."

ಒತ್ತಿದೆ. ಅವನು ಕಾಗದ ನೋಡಿದ. ಕಪ್ಪು ಬೊಟ್ಟು. ಗೆರೆಯಿಲ್ಲ. ಇನ್ನೊಂದು ಕಾಗದ ಕೊಟ್ಟ. ಮತ್ತೆ ಬೊಟ್ಟು. ಎಡಗೈ ಕೇಳಿದ. ಎಡಗೈಯೂ ಅಷ್ಟೇ. ನನ್ನ ಬೆರಳನ್ನು ತನ್ನ ಪೆನ್ಸಿಲಿನಿಂದ ಎತ್ತಿ ನೋಡಿದ, ಸತ್ತ ಹಲ್ಲಿಯನ್ನು ನೋಡುವ ಹಾಗೆ.

"ಇದು ಹೆಬ್ಬೆಟ್ಟಲ್ಲ, ಬರೀ ಮಸಿ. ಗುರುತೇ ಇಲ್ಲದವನಿಗೆ ಕಾರ್ಡು ಹೆಂಗೆ ಕೊಡೋದು?"

"ಬೆಂಕಿ ಇಳಸುವಾಗ ಸುಟ್ಟದ್ದು ಸ್ವಾಮಿ. ಬಾಯ್ಲರ್ ಉಳಿಸ್ದೆ."

"ಅದಕ್ಕೆ ಸಾಕ್ಷಿ ಏನು?"

ಎರಡೂ ಕೈ ತೋರಿಸಿದೆ. ಅವನು ಫಾರಂ ಮಡಚಿದ.

"ಒಂದು ಪ್ರಶ್ನೆ ಕೇಳ್ರಿ ಸ್ವಾಮಿ," ಎಂದೆ. ಕಿಟಕಿಯ ಕಡೆಗೆ ಕೂಗಿದೆ. "ಒಂದೇ ಒಂದು ಕೇಳ್ರಿ." ಒಳಗೆ ಸಾಹೇಬರು ಊಟ ಮಾಡುತ್ತಿದ್ದರು.

ಅಂದು ಹರಿಹರದಿಂದ ನಡೆದೇ ಬಂದೆ, ನಾನೇ ಮಲಗಿಸಿದ ರಸ್ತೆಯ ಮೇಲೆ. ಕಾಟಮ್ಮ ಅಂಗಿಯ ಗುಂಡಿ ಬಿಚ್ಚಿದಳು. ಹೆಬ್ಬೆರಳಿನ ಮಸಿ ತೊಳೆದಳು.

ಕಾರ್ಡು ಕರಿಬಸವರಾಜನ ಜೇಬಿನಲ್ಲಿ, ಬಸುರಿ ನನ್ನ ಕೈಯಲ್ಲಿ. ಅವನು ಖಾಕಿ ಅಂಗಿ ಹೊಲಿಸಿಕೊಂಡ. ದಿನವಿಡೀ ಹೊಂಗೆಯ ನೆರಳಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಕೂರುವನು. ದೂರದಲ್ಲಿ ಅಧಿಕಾರಿಯ ಜೀಪಿನ ದೂಳು ಕಂಡರೆ, "ಏ ಓಬಯ್ಯ, ಇಳಿಯೋ!" ಎಂದು ಓಡಿ ಬರುವನು. ನಾನು ಧುಮುಕಿ ಸಲಿಕೆ ಹಿಡಿಯಬೇಕು. ಅವನು ಹತ್ತಿ ಎದೆಯುಬ್ಬಿಸಬೇಕು. ಜೀಪು ಹೋದ ಮೇಲೆ ಅವನು ಇಳಿಯಬೇಕು, ನಾನು ಹತ್ತಬೇಕು. ಒಂದೊಂದು ದಿನ ಐವತ್ತು ಸಲ ಹತ್ತಿ ಇಳಿದಿದ್ದೇನೆ. ಎರಡು ಸಲ ಎಂದು ಕಾಟಮ್ಮ ಹೇಳುತ್ತಾಳೆ. ಮೊದಮೊದಲು ಹೆಂಗಸರು ನಗುತ್ತಿದ್ದರು. ಆಮೇಲೆ ಯಾರೂ ನಗಲಿಲ್ಲ. ನಾನು ಇಳಿಯುವಾಗ ಮುಖ ಆಚೆ ತಿರುಗಿಸುತ್ತಿದ್ದರು. ಅದು ನಗುವುದಕ್ಕಿಂತ ಕೆಟ್ಟದ್ದು.

ರಸ್ತೆ ಮುಗಿಯುತ್ತ ಬಂತು. ಕೊನೆಯ ತುಂಡು ಆ ತೋಟದ ಬಾವಿಯ ಎದುರಿಗೇ. ದೊಡ್ಡ ಅಧಿಕಾರಿಗಳು ನೋಡಲು ಬರುತ್ತಾರೆ, ಫೋಟೋ ತೆಗೆಯುತ್ತಾರೆ ಎಂದಾಯಿತು. ಬಸುರಿಗೆ ಬಾಳೆಕಂಬ ಕಟ್ಟಿದರು, ಚೆಂಡು ಹೂವಿನ ಹಾರ ಹಾಕಿದರು. ಮಧ್ಯಾಹ್ನ ಎರಡು ಗಂಟೆಗೆ ಬಂದರು ವಾಮದೇವಪ್ಪನವರು.

"ಓಬಯ್ಯ, ಇವತ್ತು ನೀನು ಹತ್ರ ಬರಬ್ಯಾಡ. ಆ ಬೇಲಿ ಹತ್ರ ನಿಂದ್ರು. ಕರಿಬಸು ಓಡಿಸ್ತಾನೆ."

"ಸಾವ್ಕಾರ್ರೆ, ತೊಟ್ಟಿಗೆ ನೀರು..."

"ಅದನ್ನ ಅವ ನೋಡ್ಕಂತಾನೆ. ಕಾರ್ಡು ಅವಂದೋ ನಿಂದೋ?"

ಬೇಲಿಯ ಹತ್ತಿರ ಹೋಗಿ ನಿಂತೆ. ಅಧಿಕಾರಿಗಳ ಜೀಪು ಬಂತು. ಕರಿಬಸವರಾಜ ಮೇಲೆ ಹತ್ತಿದ, ಬೂಟು ಹಾಕಿಕೊಂಡು. ಹಿಂದೆ ಮುಂದೆ ಓಡಿಸಿದ. ನೇರ ಗೆರೆಯಲ್ಲಿ ಓಡಿಸುವುದನ್ನು ನಾನೇ ಕಲಿಸಿದ್ದೆ. ಗಾಜು ನೋಡುವುದನ್ನೂ ಕಲಿಸಿದ್ದೆ. ಅವನು ಫೋಟೋದವನನ್ನು ನೋಡುತ್ತಿದ್ದ. ಹೆಂಗಸರು ಬಸುರಿಯ ಮುಂದೆ ಹಸಿ ಕೆಮ್ಮಣ್ಣು ಚೆಲ್ಲಿ, ಹಳ್ಳದ ನೀರು ಚಿಮುಕಿಸುತ್ತ ಹಿಂದೆ ಸರಿಯುತ್ತಿದ್ದರು. ಕಾಟಮ್ಮ ಅವರಲ್ಲೇ ಇದ್ದಳು, ಚಕ್ರದಿಂದ ಮೂರು ಮಾರು ದೂರ.

ಬಸುರಿಯ ಉಸಿರು ಬದಲಾಯಿತು.

ಇದನ್ನು ನಾನು ಉಬ್ಬಿಸಿ ಹೇಳಬೇಕಾಗಿಲ್ಲ. ಎಂಟು ವರ್ಷ ಕೇಳಿದ ಉಸಿರು. ಒಣಗಿದ ಗಂಟಲಿನ ಸದ್ದು. ನಾನು ಬೇಲಿ ಬಿಟ್ಟು ಓಡಿದೆ. ಅಷ್ಟರಲ್ಲಿ ಕರಿಬಸವರಾಜನೂ ಗಾಜು ನೋಡಿದ. ವಾಮದೇವಪ್ಪನವರ ಕಡೆ ತಿರುಗಿ ಚೀರಿದ.

"ಮಾವಾ! ಗಾಜಿನಾಗ ನೀರಿಲ್ಲ!"

"ನೀರು ತರ್ರೋ!" ವಾಮದೇವಪ್ಪನವರು ಕೂಗಿದರು. ಕೊಟ್ರವ್ವ ಕಾಣಲಿಲ್ಲ, ಅವಳೂ ಅಧಿಕಾರಿಗಳನ್ನು ನೋಡಲು ಜನದ ನಡುವೆ ಸೇರಿದ್ದಳು. ಅವರ ಕಣ್ಣು ನನ್ನ ಮೇಲೆ ಬಿತ್ತು. "ಓಬಯ್ಯ! ಬಾವಿಗೆ ಓಡು! ನೀನೇ ಸೇದೋ, ಹಗ್ಗ ಹಿಡಿಯೋ, ಏನೂ ಆಗಲ್ಲ, ಸೇದೋ!"

ಎಂಟು ವರ್ಷಕ್ಕೆ ಆ ಮಾತು ಬಂತು. ಹಗ್ಗ ಹಿಡಿಯೋ. ಏನೂ ಆಗಲ್ಲ.

"ನೀರು ಬ್ಯಾಡ!" ಎಂದೆ. ನನ್ನ ಗಂಟಲು ನನಗೇ ಹೊಸದಾಗಿ ಕೇಳಿತು. "ಯಾರೂ ನೀರು ಮುಟ್ಟಬ್ಯಾಡ್ರಿ! ಕಾಟೀ, ಎಲ್ಲಾರನ್ನೂ ಎಳಕಂಡು ಓಡು!"

ಕಾಟಮ್ಮ ನನ್ನ ಮಾತನ್ನು ಒಮ್ಮೆಗೇ ನಂಬಿದ್ದು ಅವತ್ತು. ಹೆಂಗಸರನ್ನು ಅಟ್ಟಿಕೊಂಡು ತೋಟದ ಕಡೆ ಓಡಿದಳು. ಕರಿಬಸವರಾಜ ಆಗಲೇ ಧುಮುಕಿದ್ದ, ಅವನ ಒಂದು ಬೂಟು ಮೇಲೇ ಉಳಿದಿತ್ತು. ನಾನು ಹತ್ತಿ ಚಕ್ರ ನಿಲ್ಲಿಸಿದೆ. ಸಲಾಕೆ ಈ ಸಲ ಹೊಸದು, ಫೋಟೋಕ್ಕೆಂದು ತಂದದ್ದು. ಬಾಗಿಲು ತೆರೆದೆ. ಕೆಂಡ ಎಳೆದೆ. ಹೊಸ ರಸ್ತೆಯ ಮೇಲೆ, ಬಾಳೆಕಂಬದ ಬುಡಕ್ಕೆ, ಹಾರದ ಕೆಳಗೆ ಕೆಂಡ ಸುರಿಯಿತು. ಹುಬ್ಬು ಸುಟ್ಟಿತು. ಎಳೆದೆ. ಕೊನೆಯ ಕೆಂಡದವರೆಗೆ ಎಳೆದೆ. ಬಸುರಿ ದೊಡ್ಡದೊಂದು ಉಸಿರು ಬಿಟ್ಟು ಸುಮ್ಮನಾದಳು.

ಯಾರೂ ಸಾಯಲಿಲ್ಲ.

ದೊಡ್ಡ ಅಧಿಕಾರಿ ಜೀಪಿನ ಹಿಂದಿನಿಂದ ಬಂದರು. ಕರವಸ್ತ್ರದಿಂದ ಕತ್ತು ಒರೆಸಿಕೊಂಡು ಕೇಳಿದರು: "ಯಾರು ಇವನು?"

"ಕೂಲಿ ಸಾರ್," ಎಂದರು ವಾಮದೇವಪ್ಪನವರು.

"ಕಾರ್ಡಿದೆಯಾ?"

"ಇಲ್ಲ ಸಾರ್."

"ಕಾರ್ಡಿಲ್ಲದವನನ್ನು ಬಾಯ್ಲರ್ ಮುಟ್ಟೋಕೆ ಯಾರು ಬಿಟ್ಟದ್ದು? ಇದು ಕಾನೂನಿಗೆ ವಿರುದ್ಧ."

ನಾನು ಸಲಾಕೆ ಕೆಳಗಿಟ್ಟೆ. ಇಳಿದೆ. ನಿಧಾನ ಇಳಿದೆ. ಜೀಪು ಬಂದಾಗ ಧುಮುಕುತ್ತಿದ್ದ ಹಾಗೆ ಅಲ್ಲ.

"ಓಬಯ್ಯ," ವಾಮದೇವಪ್ಪನವರು ಹತ್ತಿರ ಬಂದು ದನಿ ತಗ್ಗಿಸಿದರು. "ಆರಿದ ಮ್ಯಾಲೆ ನೀನೇ ನೀರು ಸೇದಿ ಹಾಕಿ ಬೆಂಕಿ ಹಚ್ಚು. ಹಸಿ ರಸ್ತೆ ಐತೆ, ಇವಳು ಇಲ್ಲೇ ನಿಂತ್ರೆ ತಗ್ಗು ಬೀಳ್ತೈತೆ. ಹಚ್ಚೋ. ನಾಳೆನೇ ನಿಂಗೆ ಕಾರ್ಡು ಮಾಡಿಸ್ತೀನಿ."

"ಹೆಬ್ಬೆಟ್ಟು ಎಲ್ಲಿಂದ ತರ್ತೀರಿ ಸಾವ್ಕಾರ್ರೆ?"

"ಅಂದ್ರೆ?"

"ಕಾರ್ಡಿಲ್ಲದೋನು ಮುಟ್ಟಬಾರದು ಅಂದ್ರಲ್ಲ ಸಾಹೇಬ್ರು. ಸರಿ. ಮುಟ್ಟಲ್ಲ. ಸಣ್ಣ ಸಾವ್ಕಾರ್ರು ಹಚ್ಚಲಿ. ಲಾಯಕ್ಕು ಅದಾರೆ."

"ಲೇ, ಸೊಕ್ಕು ಬಂತೇನಲೇ? ನಿಮ್ ಕೇರಿಯೋರಿಗೆ ಯಾರಿಗೂ ಕೆಲಸ ಇಲ್ಲದಂಗೆ ಮಾಡ್ತೀನಿ!"

"ಮಾಡ್ರಿ."

ಹೊಂಗೆಯ ನೆರಳಿಗೆ ಹೋಗಿ ಕರಿಬಸವರಾಜ ಕೂರುತ್ತಿದ್ದ ಜಾಗದಲ್ಲೇ ಕುಳಿತೆ. ಕಾಟಮ್ಮ ಬಂದು ಪಕ್ಕದಲ್ಲಿ ಕುಳಿತಳು. ಒಬ್ಬೊಬ್ಬರಾಗಿ ಹೆಂಗಸರೂ ಬಂದು ಬುಟ್ಟಿ ಬೋರಲು ಹಾಕಿ ಕುಳಿತರು. ಕರಿಬಸವರಾಜ ಒಂದು ಬೂಟಿನಲ್ಲಿ ಬಸುರಿಯ ಸುತ್ತ ಮೂರು ಸುತ್ತು ಬಂದ. ಹತ್ತಲಿಲ್ಲ.

ಬಸುರಿ ಅಲ್ಲೇ ಹನ್ನೊಂದು ದಿನ ನಿಂತಳು. ಎರಡು ದಿನ ಎಂದು ಕಾಟಮ್ಮ. ಇರಲಿ, ಎರಡೇ ದಿನ. ಶಿವಮೊಗ್ಗದಿಂದ ಕಾರ್ಡಿನವನೊಬ್ಬ ಬರುವವರೆಗೆ ನಿಂತಳು.

ವಾಮದೇವಪ್ಪನವರು ಹೇಳಿದ್ದನ್ನು ಮಾಡಿದರು. ನಮ್ಮ ಕೇರಿಗೆ ಒಂದು ವರ್ಷ ರಸ್ತೆ ಕೆಲಸ ಇರಲಿಲ್ಲ. ಕೆಲವು ಮನೆಯವರು ನನ್ನೊಂದಿಗೆ ಮಾತು ಬಿಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಒಲೆ ನಾನು ಆರಿಸಿದ್ದೆ. ಈಗ ಬೇರೆ ಊರಿನವರ ಕ್ವಾರಿಯಲ್ಲಿ ಕಲ್ಲೊಡೆಯುತ್ತೇವೆ. ನನ್ನ ಬೆರಳು ಸುತ್ತಿಗೆ ಹಿಡಿಯುವುದಿಲ್ಲ. ನಾನು ಕಲ್ಲು ಇಡುತ್ತೇನೆ, ಕಾಟಮ್ಮ ಹೊಡೆಯುತ್ತಾಳೆ. ರೋಲರ್ ಸದ್ದು ಕೇಳಿದರೆ ಅಂಗಾಲು ತುರಿಸುತ್ತದೆ.

ನೀವು ದಾವಣಗೆರೆಯಿಂದ ಹರಿಹರಕ್ಕೆ ಹೋಗುವಾಗ ಆ ತೋಟದ ಬಾವಿಯ ಎದುರಿಗೆ ಬಸ್ಸು ಎಗರುತ್ತದೆ. ತಲೆ ಮೇಲಿನ ಕಂಬಿಗೆ ಬಡಿಯುತ್ತದೆ. ಜನ ಬೈಯುತ್ತಾರೆ. ಮೂರು ಸಲ ಮಣ್ಣು ತುಂಬಿದರು, ಮೂರು ಸಲವೂ ಇಳಿಯಿತು. ಚಕ್ರಗಳು ಊರಿದ ಆ ತಗ್ಗಿನಲ್ಲಿ ಜಲ್ಲಿಯ ಗೆರೆ ಒಂದೊಂದೂ ಎದ್ದು ಕಾಣುತ್ತದೆ.

ಅದು ನನ್ನ ಹೆಬ್ಬೆಟ್ಟು. ಆ ಗುಮಾಸ್ತನಿಗೆ ಹೇಳಿ, ಬಂದು ನೋಡಲಿ.